ಬೆರಳ ತುದಿಯಷ್ಟು ಜಾಗ

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಕೋಟಿನ ಬಟ್ಟೆಯ ಮೇಲೆ ಅವಳು ಸೀಮೆಸುಣ್ಣದಿಂದ ಒಮ್ಮೆ ಎಳೆದ ಗೆರೆಯನ್ನು ಮತ್ತೆ ಅಳಿಸಿದ್ದು ಕಂಡವರಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಕೇಳಿದವರೂ ಇಲ್ಲ. ಹನ್ನೆರಡು ಅಡಿ ಉದ್ದದ ಕಟಿಂಗ್ ಟೇಬಲ್ಲು ಇಪ್ಪತ್ತೆರಡು ವರ್ಷಗಳಿಂದ ಅವಳದಾಗಿತ್ತು. ಬಟ್ಟೆ ಉಜ್ಜಿ ಉಜ್ಜಿ ಅದರ ಅಂಚು ನೀರಿನಲ್ಲಿ ಬಿದ್ದ ಕಲ್ಲಿನಷ್ಟು ನುಣುಪಾಗಿತ್ತು. ಹಿಂದಿನ ಮೇಸ್ತ್ರಿ ಕೆಲಸ ಬಿಟ್ಟುಹೋಗುವ ದಿನ ತನ್ನ ದೊಡ್ಡ ಕತ್ತರಿಯನ್ನು ಅಂಗಡಿಯ ಗಂಡಾಳುಗಳ ನಡುವಿನಿಂದ ದಾಟಿಸಿ ಇವಳ ಕೈಗಿಟ್ಟು, “ಹುಷಾರಮ್ಮ. ಕತ್ತರಿಸಿದ ಮೇಲೆ ನೀನು ಎಷ್ಟು ಕ್ಷಮೆ ಕೇಳಿದ್ರೂ ಬಟ್ಟೆ ಕೂಡ್ಕೊಳ್ಳಲ್ಲ” ಎಂದಿದ್ದ. ಅವಳು ಆ ಮಾತನ್ನು ಒಂದು ಸಲವೂ ಪರೀಕ್ಷಿಸಲು ಹೋಗಿರಲಿಲ್ಲ.

ಹೊಟ್ಟೆನೋವು ಶುರುವಾಗಿ ಆರು ವರ್ಷ ಕಳೆದಿತ್ತು. ಟೇಬಲ್ಲಿನ ಆಚೆ ಅಂಚಿಗೆ ಕೈಚಾಚಿ ಬಟ್ಟೆ ಎಳೆಯುವಾಗ, ಮೆಟ್ಟಿಲು ಹತ್ತುವಾಗ, ಸೀನುವಾಗ ಕೂಡ, ಹೊಟ್ಟೆಯ ಬಲಭಾಗದಲ್ಲಿ ಕಾದ ಸೂಜಿಯೊಂದು ನೆಟ್ಟು, ಅಲ್ಲಿಂದ ಉರಿಯಾಗಿ ಹರಡುತ್ತಿತ್ತು. ಅವಳು ಟೇಬಲ್ಲಿನ ಅಂಚು ಹಿಡಿದು ಎರಡು ನಿಮಿಷ ಬಾಗಿ ನಿಂತು, ನೆಟ್ಟಗಾಗಿ, ಮತ್ತೆ ಕತ್ತರಿ ಹಿಡಿಯುತ್ತಿದ್ದಳು. ಆರು ವರ್ಷಗಳಲ್ಲಿ ಏಳು ಮಂದಿ ವೈದ್ಯರು ಅವಳ ಹೊಟ್ಟೆಯನ್ನು ಒತ್ತಿ ನೋಡಿದ್ದರು. ಒಬ್ಬರು ಹುಣ್ಣು ಎಂದರು. ಗಂಟಲಿಗೆ ಕೊಳವೆ ಇಳಿಸಿ ನೋಡಿದಾಗ ಹುಣ್ಣಿರಲಿಲ್ಲ. ಇನ್ನೊಬ್ಬರು ಗರ್ಭಕೋಶ ಎಂದರು. ಸ್ಕ್ಯಾನಿನಲ್ಲಿ ಅದು ನಿರ್ದೋಷಿಯಾಗಿ ಹೊರಬಂತು. ಮೂರನೆಯವರು ಅಪೆಂಡಿಕ್ಸ್ ಎಂದು ಕೊಯ್ದು ತೆಗೆದೇಬಿಟ್ಟರು. ಪ್ರಯೋಗಾಲಯದ ವರದಿ ಬಂದಾಗ ಅದು ಸಂಪೂರ್ಣ ಆರೋಗ್ಯವಾಗಿತ್ತು.

“ತಪ್ಪು ಮಾಡದೋನನ್ನ ಮನೆಯಿಂದ ಆಚೆ ಹಾಕಿದ ಹಾಗಾಯ್ತು” ಎಂದಳು ಗೆರೆಯಕ್ಕ, ಆಸ್ಪತ್ರೆಯ ಮಂಚದ ಮೇಲೆ. ಲಿಫ್ಟ್ ರಿಪೇರಿಯ ಕೆಲಸ ಮಾಡುವ ಗಂಡ ನಕ್ಕ. ಅವಳು ನಗಲಿಲ್ಲ. ನಕ್ಕರೆ ಹೊಲಿಗೆಯೂ ನೋಯುತ್ತಿತ್ತು, ಹಳೆಯ ನೋವೂ ಅಲ್ಲೇ ಇತ್ತು.

ಮನೆಯಲ್ಲಿದ್ದ ಅತ್ತೆಯದು ಬೇರೆಯದೇ ತೀರ್ಪು. ಇಪ್ಪತ್ತಾರು ವರ್ಷ ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದ ಹೆಂಗಸು ಆಕೆ. ಮನೆಯಲ್ಲಿ ಯಾರಿಗೆ ಸೀನು ಬಂದರೂ ಆಕೆಯ ಒಪ್ಪಿಗೆ ಬೇಕಿತ್ತು.

“ನಿಜವಾದ ಹೊಟ್ಟೆನೋವು ನೋಡಿದೀನಿ ನಾನು” ಎನ್ನುತ್ತಿದ್ದಳು ಆಕೆ, ಊಟದ ತಟ್ಟೆ ಒರೆಸುತ್ತ. “ಜ್ವರ ಬರುತ್ತೆ, ವಾಂತಿ ಆಗುತ್ತೆ, ಮನುಷ್ಯ ಬಣ್ಣಗೆಡ್ತಾನೆ. ಇವಳದು ಹೆಸರಿಲ್ಲ, ಊರಿಲ್ಲ. ಬೆಳಿಗ್ಗೆ ಬಾಗ್ತಾಳೆ, ಮಧ್ಯಾಹ್ನ ಕೋಟು ಕತ್ತರಿಸ್ತಾಳೆ.”

“ಹೆಸರು ಸಿಕ್ಕಿದ ದಿನ ನಿಮಗೇ ಮೊದಲು ಹೇಳ್ತೀನಿ ಅತ್ತೆ” ಎಂದಷ್ಟೇ ಅನ್ನುತ್ತಿದ್ದಳು ಗೆರೆಯಕ್ಕ. ಸೊಸೆ ಎದುರುತ್ತರ ಕೊಡಲಿಲ್ಲವೆಂದು ಅತ್ತೆ, ಅತ್ತೆಗೆ ಉತ್ತರ ತಲುಪಿತೆಂದು ಸೊಸೆ, ಇಬ್ಬರೂ ಸಮಾಧಾನದಿಂದ ಮಲಗುತ್ತಿದ್ದರು.

ಏಳನೆಯ ವೈದ್ಯರು ಎಲ್ಲ ವರದಿಗಳನ್ನೂ ತಿರುವಿ, ಬಹಳ ಮೃದುವಾಗಿ, “ಮನಸ್ಸಿಗೆ ಏನಾದ್ರೂ ಚಿಂತೆ ಇದೆಯೇನಮ್ಮಾ?” ಎಂದು ಕೇಳಿದ್ದರು.

“ಇದೆ” ಎಂದಿದ್ದಳು ಅವಳು. “ಹೊಟ್ಟೆನೋವಿನದು.”

ಇಷ್ಟಾದರೂ ಆರು ವರ್ಷ ಅವಳ ಕತ್ತರಿ ತಪ್ಪಿರಲಿಲ್ಲ. ತಪ್ಪಿದ್ದು ಅದಾದ ಮೇಲಿನ ಒಂದು ಸೋಮವಾರ. ನ್ಯಾಯಾಧೀಶರೊಬ್ಬರ ಕೋಟಿನ ಎದೆಭಾಗವನ್ನು ಕತ್ತರಿಸುತ್ತಿದ್ದಾಗ ನೋವು ಹೇಳದೆ ಕೇಳದೆ ಬಂತು. ಮೈ ಮಡಚಿಕೊಂಡಿತು, ಕೈಯಲ್ಲಿದ್ದ ಕತ್ತರಿ ಗೆರೆ ಬಿಟ್ಟು ನಾಲ್ಕು ಬೆರಳಷ್ಟು ಒಳಗೆ ಹೋಯಿತು. ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಯಾರಾದರೂ ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಂಗಡಿಯ ಯಜಮಾನರು ಕೆಟ್ಟವರಲ್ಲ. ಅದೇ ತೊಂದರೆ. ಮರುದಿನ ಅವರು ಬೆತ್ತದ ಒರಗುಕುರ್ಚಿಯೊಂದನ್ನು ತಾವೇ ಹೊತ್ತು ತಂದು, ಕಿಟಕಿಯ ಬಳಿ, ಗುಂಡಿ ಹಾಕುವ ಕಾಜಾಗಳನ್ನು ಕೈಯಲ್ಲಿ ಹೊಲಿಯುವ ಕಾಜಾಕ್ಕನ ಪಕ್ಕ ಇಟ್ಟರು.

“ಬ್ಯಾಂಡಿನವರ ನಲವತ್ತು ಕೋಟಿನ ಕಟಿಂಗು ಬರೋ ತಿಂಗಳು ಒಂದನೇ ತಾರೀಕು ಶುರು” ಎಂದರು, ಅವಳ ಮುಖ ನೋಡದೆ. “ಅಷ್ಟರಲ್ಲಿ ಹೊರಗಿನಿಂದ ಒಬ್ಬ ಕಟರ್ ಬರ್ತಾನೆ. ನೀನು ಇಲ್ಲಿ ಆರಾಮಾಗಿ ಕೂತ್ಕೊಂಡು ಕಾಜಾ ಮಾಡು. ಸಂಬಳ ಅದೇ.”

“ಟೇಬಲ್ಲು?”

“ಟೇಬಲ್ಲು ನಿಂತು ಮಾಡೋ ಕೆಲಸ ಅಲ್ವೇನಮ್ಮ.”

“ಒಂದನೇ ತಾರೀಕಿಗೆ ಇನ್ನೂ ಹದಿನೆಂಟು ದಿನ ಇದೆ” ಎಂದಳು ಗೆರೆಯಕ್ಕ. “ಅಲ್ಲಿವರೆಗೆ ಆ ಕುರ್ಚಿ ಖಾಲಿ ಇರಲಿ.”

ಹೇಳಿದ್ದೇನೋ ಹೇಳಿದಳು. ಹದಿನೆಂಟು ದಿನಗಳಲ್ಲಿ ಏನು ಮಾಡಬಹುದೆಂದು ಅವಳಿಗೇ ಗೊತ್ತಿರಲಿಲ್ಲ. ಏಳು ವೈದ್ಯರು ಆರು ವರ್ಷಗಳಲ್ಲಿ ಕಾಣದ್ದನ್ನು ಹದಿನೆಂಟು ದಿನಗಳಲ್ಲಿ ಕಾಣಿಸುವವರು ಯಾರು?

ನಾಲ್ಕನೆಯ ದಿನ, ಅವಳೇ ಕತ್ತರಿಸಿದ್ದ ಮಾದರಿ ಕೋಟಿನ ಟ್ರಯಲ್ಲಿಗೆ ಬ್ಯಾಂಡಿನ ಡೋಲು ಬಾರಿಸುವವನು ಬಂದ. ಮೂರು ಮಡಿಕೆಯ ಕನ್ನಡಿಯ ಮುಂದೆ ಕೋಟು ಹಾಕಿ ನಿಂತ. ಅಗಲ ಪಟ್ಟೆಗಳು ಭುಜದಿಂದ ಜೇಬಿನವರೆಗೆ ಒಂದೇ ಗೆರೆಯಾಗಿ ಇಳಿದಿದ್ದವು. ಎಲ್ಲೂ ಒಂದು ಸುಕ್ಕಿಲ್ಲ.

“ಬಿಗಿ ಆಗ್ತಿದೆ” ಎಂದ ಅವನು.

“ಎಲ್ಲಿ?”

ಅವನು ಅಂಗೈಯನ್ನು ಬೆನ್ನು, ಭುಜ, ಎದೆ ಎಲ್ಲದರ ಮೇಲೂ ಆಡಿಸಿದ. “ಇಲ್ಲೆಲ್ಲಾ.”

“ಇಲ್ಲೆಲ್ಲಾ ಅಂತ ಒಂದು ಜಾಗ ಇಲ್ಲ ನೋಡಿ” ಎಂದಳು ಅವಳು. “ನೆಟ್ಟಗೆ ನಿಂತಾಗ ಯಾವ ಕೋಟೂ ತನ್ನ ತಪ್ಪು ಹೇಳಲ್ಲ. ಆ ಕುರ್ಚಿ ಮೇಲೆ ಕೂತು, ಡೋಲು ಬಾರಿಸೋ ಹಾಗೆ ಕೈ ಎತ್ತಿ. ಹಾಂ, ಇನ್ನೂ ಜೋರಾಗಿ. ಈಗ ಒಂದೇ ಬೆರಳಲ್ಲಿ ಮುಟ್ಟಿ ತೋರಿಸಿ.”

ಅವನು ಗಾಳಿಗೆ ಎರಡು ಏಟು ಬಾರಿಸಿ, ಅಚ್ಚರಿಯಿಂದ, ಬಲಗಂಕುಳಿನ ಹಿಂದೆ ಒಂದು ಬೆರಳು ಊರಿದ. ಅಲ್ಲಿ ಅವಳು ಸೀಮೆಸುಣ್ಣದಿಂದ ಸಣ್ಣದೊಂದು ಅಡ್ಡಗುರುತು ಹಾಕಿದಳು. ಅರ್ಧ ಇಂಚು ಬಿಟ್ಟುಕೊಟ್ಟರೆ ಮುಗಿಯಿತು.

ಕೋಟು ಬಿಚ್ಚಿಕೊಟ್ಟು ಅವನು ಹೊರಟುಹೋದ ಮೇಲೂ ಅವಳು ಕನ್ನಡಿಯ ಮುಂದೆ ಹಾಗೆಯೇ ನಿಂತಿದ್ದಳು. ಏಳು ವೈದ್ಯರ ಮುಂದೆಯೂ ತಾನು ಈ ಡೋಲಿನವನಂತೆಯೇ ಹೊಟ್ಟೆಯ ತುಂಬ ಅಂಗೈ ಆಡಿಸಿದ್ದಳಲ್ಲ. “ಹೊಟ್ಟೆ ಸಡಿಲ ಬಿಡಿ” ಎಂದು ಏಳು ಮಂದಿಯೂ ಹೇಳಿದ್ದರು. ಅಳತೆಗೆ ನಿಂತವರು ಮೈ ಬಿಗಿಹಿಡಿದರೆ ಅಳತೆ ಕೆಡುತ್ತದೆಂದು ಬಲ್ಲ ಅವಳು, ಉಳಿದ ರೋಗಿಗಳಿಗಿಂತ ಚೆನ್ನಾಗಿ ಸಡಿಲ ಬಿಟ್ಟಿದ್ದಳು. ಸ್ಕ್ಯಾನಿನವರು “ಅಲುಗಾಡಬೇಡಿ, ಉಸಿರು ಹಿಡಿಯಿರಿ” ಎಂದಿದ್ದರು. ಅಣೆಕಟ್ಟಿನ ನೀರಿನಂತೆ ನಿಶ್ಚಲವಾಗಿ ಮಲಗಿದ್ದಳು. ಆರು ವರ್ಷಗಳಲ್ಲಿ ಒಬ್ಬರೂ ಅವಳ ಹೊಟ್ಟೆಗೆ ಸರಿಯಾದ ಟ್ರಯಲ್ ಕೊಟ್ಟಿರಲಿಲ್ಲ. ಕೊಡಿಸಬೇಕಾದವಳು ತಾನು, ತಾನೂ ಕೊಡಿಸಿರಲಿಲ್ಲ. ಸಾವಿರಾರು ಜನರಿಗೆ ಕುಳಿತು, ಬಾಗಿ, ಕೈಯೆತ್ತಿ ತೋರಿಸಿ ಎಂದ ಬಾಯಿಗೆ ತನ್ನ ವಿಷಯದಲ್ಲಿ ಆ ಬುದ್ಧಿ ಹೊಳೆಯದೇಹೋಯಿತೆಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆ ಒಂದು ಗಳಿಗೆ ಮಾತ್ರ. ಆಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಕೆಲಸದ ಉಮೇದು ಬಂತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಾಜಾಕ್ಕನನ್ನು ತಡೆದು ನಿಲ್ಲಿಸಿ, ಬಾಗಿಲು ಹಾಕಿ, ಅವಳು ಕಟಿಂಗ್ ಟೇಬಲ್ಲಿನ ಮೇಲೆ ಅಂಗಾತ ಮಲಗಿದಳು.

“ಏನಕ್ಕಾ ಇದು” ಎಂದಳು ಕಾಜಾಕ್ಕ. “ಇವತ್ತು ನಿನ್ನನ್ನೇ ಕಟಿಂಗಿಗೆ ಹಾಕ್ಕೊಂಡ್ಯಾ?”

“ಬಾಯಿ ಮುಚ್ಕೊಂಡು ಸೀಮೆಸುಣ್ಣ ತಗೋ.”

ಮೊದಲು ಹೊಟ್ಟೆ ಸಡಿಲ ಬಿಟ್ಟು ತಾನೇ ಒಂದೊಂದು ಬೆರಳಿನ ಅಂತರದಲ್ಲಿ ಒತ್ತಿ ನೋಡಿಕೊಂಡಳು. ಮಂದವಾದ ನೋವು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವಂಥದು. ಬಳಿಕ ಕೈ ಊರದೆ ತಲೆ, ಭುಜ ಎರಡನ್ನೂ ಮೇಲೆತ್ತಿ, ಹೊಟ್ಟೆ ಹಲಗೆಯಂತೆ ಬಿಗಿಯಾದಾಗ ಮತ್ತೆ ಒತ್ತುತ್ತ ಹೋದಳು. ಒಂದು ಜಾಗ ಬಂತು. ಬಾಯಿಂದ ಹೊರಟ ಸದ್ದಿಗೆ ಕಾಜಾಕ್ಕನ ಕೈಯಲ್ಲಿದ್ದ ಸುಣ್ಣ ಎರಡು ತುಂಡಾಯಿತು.

“ಅಲ್ಲೇ” ಎಂದಳು ಗೆರೆಯಕ್ಕ, ಹಲ್ಲು ಕಚ್ಚಿಕೊಂಡು. “ಗುರುತು ಹಾಕು.”

ಹೊಕ್ಕುಳಿಂದ ಬಲಕ್ಕೆ ಎರಡೂಕಾಲು ಇಂಚು, ಅಲ್ಲಿಂದ ಕೆಳಕ್ಕೆ ಒಂದೂವರೆ. ಅಪೆಂಡಿಕ್ಸ್ ತೆಗೆದ ಗಾಯದ ಕಲೆ ಅಲ್ಲಿಂದ ಇನ್ನೂ ದೂರ. ಅಳತೆಪುಸ್ತಕದಲ್ಲಿ ನ್ಯಾಯಾಧೀಶರ ಅಳತೆಯ ಕೆಳಗೆ ಅದನ್ನು ಬರೆಸಿದಳು. ಒಂದು ಟ್ರಯಲ್ಲನ್ನು ನಂಬುವ ಹೆಂಗಸಲ್ಲ ಅವಳು. ಸಂಜೆ ಸ್ನಾನದಲ್ಲಿ ಗುರುತನ್ನು ಚೆನ್ನಾಗಿ ತೊಳೆದು, ಮರುದಿನ ಕಣ್ಣು ಮುಚ್ಚಿ ಮಲಗಿ ಹೊಸದಾಗಿ ಹುಡುಕಿದಳು. ಟೇಪು ಹಿಡಿದದ್ದು ಕಾಜಾಕ್ಕ. ಐದು ದಿನ ಹೀಗೆ ನಡೆಯಿತು. ಐದು ದಿನವೂ ಗುರುತು ಕಾಲು ಇಂಚಿನೊಳಗೆ ಅಲ್ಲಿಯೇ ಬಿತ್ತು. ಹೊಟ್ಟೆಯೆಲ್ಲ ತನ್ನದೆಂದು ಆರು ವರ್ಷ ಆಳಿದ ನೋವಿಗೆ ನಿಲ್ಲಲು ಇದ್ದದ್ದು ಬೆರಳ ತುದಿಯಷ್ಟು ಜಾಗ.

“ಇಷ್ಟೇ ಇಷ್ಟಗಲ ಜಾಗದಲ್ಲಿ ಕೂತ್ಕೊಂಡು ಇಷ್ಟು ದರ್ಪವಾ ಇದಕ್ಕೆ?” ಎಂದಳು ಕಾಜಾಕ್ಕ.

“ಕಾಜಾಗಿಂತ ಚಿಕ್ಕದು” ಎಂದಳು ಗೆರೆಯಕ್ಕ. ಆ ವಾರ ಅವಳು ನಕ್ಕದ್ದು ಅದೇ ಮೊದಲು.

ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೊಸದಾಗಿ ಬಂದಿದ್ದ ವೈದ್ಯೆಯ ಬಳಿಗೆ ಅವಳು ಹೋದಾಗ ಅತ್ತೆಯೂ ಜೊತೆಗೆ ಹೊರಟಳು. ಸೊಸೆಯ ಮೇಲಿನ ನಂಬಿಕೆಯಿಂದಲ್ಲ. “ನಾನಿಲ್ಲದೆ ಅಲ್ಲಿ ನಿನ್ನನ್ನ ಯಾರು ಕೇಳ್ತಾರೆ?” ಎಂಬುದು ಆಕೆಯ ವಾದ. ಹಳೆಯ ಕಾರಿಡಾರಿನಲ್ಲಿ ಆಕೆ ತವರಿಗೆ ಬಂದವಳಂತೆ ನಡೆದಳು. ಬೆಂಚಿನ ಮೇಲೆ ನಲವತ್ತು ಜನ ಕಾಯುತ್ತಿದ್ದರು. ಸರದಿ ಬಂದಾಗ ಅತ್ತೆ ಪರದೆಯ ಪಕ್ಕದಲ್ಲೇ ನಿಂತಳು.

“ಎಲ್ಲಿ ನೋವು?” ಎಂದು ವೈದ್ಯೆ ದಪ್ಪ ಫೈಲನ್ನು ತೆರೆಯುತ್ತ ಕೇಳಿದರು.

ಅಭ್ಯಾಸಬಲದಿಂದ ಗೆರೆಯಕ್ಕನ ಅಂಗೈ ಹೊಟ್ಟೆಯ ಮೇಲೆ ಹರಡಲು ಹೊರಟಿತು. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು.

“ಬಾಯಲ್ಲಿ ಹೇಳಿದ್ರೆ ತಪ್ಪಾಗುತ್ತೆ ಡಾಕ್ಟರೇ. ತೋರಿಸ್ತೀನಿ. ಹೊಟ್ಟೆ ಸಡಿಲ ಬಿಟ್ಟಾಗ ಒಂದು ಸಲ ಒತ್ತಿ. ಆಮೇಲೆ ನಾನು ತಲೆ ಎತ್ತಿದಾಗ ಅದೇ ಜಾಗ ಒತ್ತಿ. ಎರಡಕ್ಕೂ ಇರೋ ವ್ಯತ್ಯಾಸ ನೀವೇ ನೋಡಿ.”

ವೈದ್ಯೆ ಫೈಲಿನಿಂದ ಕಣ್ಣೆತ್ತಿದರು. “ನೀವು ನರ್ಸಾ?”

“ಅಲ್ಲ. ಕೋಟು ಕತ್ತರಿಸ್ತೀನಿ.”

ಮಂಚದ ಮೇಲೆ ಮಲಗಿ ಬಟ್ಟೆ ಸರಿಸಿದಾಗ ಬೆಳಿಗ್ಗೆಯೇ ಹಾಕಿಸಿಕೊಂಡು ಬಂದ ಬಿಳಿ ಗುರುತು ಕಂಡಿತು. ವೈದ್ಯೆ ಒತ್ತಿದರು, ಅವಳು ತಲೆಯೆತ್ತಿದಳು, ಮತ್ತೆ ಒತ್ತಿದರು. ಈ ಸಲ ಅವಳ ಕಾಲಿನ ಬೆರಳುಗಳವರೆಗೆ ಮೈ ಸೆಟೆದದ್ದನ್ನು ವೈದ್ಯೆಯೂ ಕಂಡರು, ಪರದೆಯ ಪಕ್ಕದಿಂದ ಅತ್ತೆಯೂ ಕಂಡಳು. ವೈದ್ಯೆ ಗುರುತಿನ ಸುತ್ತಲಿನ ಚರ್ಮವನ್ನು ಚಿವುಟಿದರು, ಎಡಭಾಗದಲ್ಲೂ ಚಿವುಟಿದರು, ಸ್ಪಿರಿಟ್ಟಿನ ಹತ್ತಿ ತಾಗಿಸಿ ಎರಡೂ ಕಡೆ ತಣ್ಣಗೆನಿಸುತ್ತದೆಯೇ ಎಂದು ಕೇಳಿದರು. ಬಲಗಡೆ ಅದು ತಣ್ಣಗಿರಲಿಲ್ಲ, ಉರಿಯುತ್ತಿತ್ತು. ನಂತರ ಕುರ್ಚಿ ಎಳೆದುಕೊಂಡು ಕೂತರು. ಆರು ವರ್ಷಗಳಲ್ಲಿ ಅವಳ ಪಕ್ಕ ಕೂತ ಮೊದಲ ವೈದ್ಯರು ಅವರು.

“ಇದು ಹೊಟ್ಟೆಯ ಒಳಗಿನ ನೋವಲ್ಲ” ಎಂದರು. “ಹೊಟ್ಟೆಯ ಗೋಡೆಯದು. ಚರ್ಮಕ್ಕೆ ಬರೋ ಸಣ್ಣ ನರ ಒಂದು ಮಾಂಸಖಂಡದ ಕಿಂಡಿಯಲ್ಲಿ ಹಾದು ಬರುತ್ತೆ. ನಿಮ್ಮದು ಅಲ್ಲಿ ಸಿಕ್ಕಿಕೊಂಡಿದೆ. ಖಂಡ ಬಿಗಿಯಾದಾಗಲೆಲ್ಲ ಕಿಂಡಿ ಅದನ್ನ ಹಿಸುಕುತ್ತೆ. ಸ್ಕ್ಯಾನಲ್ಲಿ ಕಾಣಲ್ಲ.”

“ಅಂದ್ರೆ ಎಲ್ಲರೂ ಲೈನಿಂಗಿನ ಒಳಗೆ ಹುಡುಕಿದ್ರು” ಎಂದಳು ಗೆರೆಯಕ್ಕ ನಿಧಾನವಾಗಿ. “ತಪ್ಪು ಇದ್ದದ್ದು ಮೇಲಿನ ಬಟ್ಟೆಯಲ್ಲಿ. ಕಾಜಾದಲ್ಲಿ ದಾರ ಸಿಕ್ಕಿಕೊಂಡ ಹಾಗೆ.”

“ನಾನು ಹೇಳಿದ್ದಕ್ಕಿಂತ ಅದೇ ಚೆನ್ನಾಗಿದೆ. ತಲೆ ಎತ್ತಿಸಿ ಒತ್ತೋ ಈ ಪರೀಕ್ಷೆ ನಮ್ಮ ಪುಸ್ತಕದಲ್ಲೂ ಇದೆ, ಹಳೇದು. ಯಂತ್ರ ಬಂದ ಮೇಲೆ ಕೈ ಮರೆತುಬಿಟ್ಟಿದೆ.”

ಗುರುತಿನ ನಡುವೆಯೇ ಅವರು ಮರಗಟ್ಟಿಸುವ ಔಷಧಿಯ ಸೂಜಿ ಇಳಿಸಿದರು. ಹತ್ತು ನಿಮಿಷ ಬಿಟ್ಟು, “ಈಗ ತಲೆ ಎತ್ತಿ” ಎಂದರು.

ಅವಳು ಎತ್ತಿದಳು. ಬಾಗಿಲು ತಟ್ಟುವವರಿಗಾಗಿ ಕಾದಂತೆ ನೋವಿಗಾಗಿ ಕಾದಳು. ಯಾರೂ ತಟ್ಟಲಿಲ್ಲ. ಇನ್ನೊಮ್ಮೆ ಎತ್ತಿದಳು. ಮೂರನೆಯ ಸಲ, ನಾಲ್ಕನೆಯ ಸಲ.

“ಸಾಕಮ್ಮ” ಎಂದರು ವೈದ್ಯೆ. “ಇನ್ನು ಕತ್ತಿನ ನೋವಿಗೆ ಬೇರೆ ಡಾಕ್ಟರ ಹತ್ರ ಹೋಗಬೇಕಾಗುತ್ತೆ.”

ಅವಳು ಮಂಚದಿಂದಿಳಿದು ನೆಟ್ಟಗೆ ನಿಂತಳು. ನೆಟ್ಟಗೆ ನಿಲ್ಲುವುದೆಂದರೆ ಹೇಗಿತ್ತೆಂದು ಮೈಗೆ ಮರೆತೇಹೋಗಿತ್ತು. ಎದುರಿನ ಗೋಡೆಯ ಗಡಿಯಾರ ಹಿಂದೆ ನೋಡಿದ್ದಕ್ಕಿಂತ ಒಂದು ಬೆರಳು ಕೆಳಗೆ ಇಳಿದಂತೆ ಕಂಡಿತು.

“ಇದು ಶಾಶ್ವತ ಅಲ್ಲ” ಎಂದು ವೈದ್ಯೆ ಎಚ್ಚರಿಸಿದರು. “ಒಂದೆರಡು ದಿನಕ್ಕೆ ತಿರುಗಿ ಬರಬಹುದು. ಮತ್ತೆ ಮತ್ತೆ ಸೂಜಿ ಹಾಕಿ ನೋಡೋಣ. ಆಗಲೂ ಹೋಗದಿದ್ರೆ ಸಣ್ಣ ಆಪರೇಷನ್ ಇದೆ.”

“ಬರಲಿ ಬಿಡಿ. ವಿಳಾಸ ಸಿಕ್ಕಿದೆಯಲ್ಲ. ಇದಕ್ಕೆ ಹೆಸರಿದೆಯಾ ಡಾಕ್ಟರೇ?”

“ಇದೆ.”

“ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ. ಮನೆಯಲ್ಲಿ ಒಬ್ಬರಿಗೆ ಮಾತು ಕೊಟ್ಟಿದೀನಿ.”

ವೈದ್ಯೆ ಬರೆದು ಕೊಟ್ಟು, ಗುರುತು ಅಳಿಸಿದರೆ ಇರಲೆಂದು ಗೆರೆಯಕ್ಕ ತಂದು ಮೇಜಿನ ಮೇಲಿಟ್ಟಿದ್ದ ಸೀಮೆಸುಣ್ಣದ ಬಿಲ್ಲೆಯನ್ನು ಎತ್ತಿ, “ಇದನ್ನ ನಾನು ಇಟ್ಕೊಳ್ಳಲಾ?” ಎಂದು ಕೇಳಿದರು.

“ಅದು ಸವೆದಿದೆ. ನಾಳೆ ಹೊಸದೊಂದು ಡಬ್ಬ ಕಳಿಸ್ತೀನಿ.”

ಪರದೆಯ ಹೊರಗೆ ಅತ್ತೆ ಚೀಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿ, ಆ ಉದ್ದನೆಯ ಹೆಸರನ್ನು ಮೇಲಿಂದ ಕೆಳಕ್ಕೆ ಎರಡು ಸಲ ನೋಡಿದಳು. ಬಸ್ ಸ್ಟಾಪಿನಲ್ಲಿ ನಿಂತಾಗ, ಎದುರಿನ ರಸ್ತೆಯನ್ನು ನೋಡುತ್ತ ಹೇಳಿದಳು:

“ಹನ್ನೊಂದನೇ ವಾರ್ಡಲ್ಲಿ ಒಬ್ಬಳಿದ್ದಳು. ಹೀಗೇ ಮುದುರಿಕೊಂಡು ಮಲಗೋಳು. ಇಲ್ಲೇ ಆಯಮ್ಮ, ಇಲ್ಲೇ ಅಂತ ಒಂದು ಬೆರಳು ಇಟ್ಟು ತೋರಿಸೋಳು. ನಾಟಕ ಆಡ್ತಾಳೆ ಅಂತ ನಾವೆಲ್ಲ ನಕ್ಕು ಮನೆಗೆ ಕಳಿಸಿದ್ವಿ.” ಆಮೇಲೆ ಕೈಚಾಚಿ, “ಫೈಲು ಭಾರ ಇದೆ, ಇಲ್ಲಿ ಕೊಡು. ನಾನು ಹಿಡ್ಕೊಳ್ತೀನಿ” ಎಂದಳು.

ಗೆರೆಯಕ್ಕ ಫೈಲನ್ನು ಕೊಟ್ಟಳು. ಅತ್ತೆಯ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಕೇಳಬೇಕೆಂಬ ಆಸೆ ಅವಳಿಗಿರಲಿಲ್ಲ.

ನೋವು ಮರುದಿನ ಸಂಜೆಯೇ ತಿರುಗಿ ಬಂತು. ಎರಡನೆಯ ಸೂಜಿಯನ್ನು ತಿಂಗಳ ಕೊನೆಯ ದಿನ ಹಾಕಿಸಿಕೊಂಡು, ಒಂದನೇ ತಾರೀಕಿನ ಬೆಳಿಗ್ಗೆ ಏಳಕ್ಕೆ ಅವಳು ಅಂಗಡಿಯ ಬಾಗಿಲಲ್ಲಿದ್ದಳು. ಹೊಸ ಕಟರ್ ಬರುವುದು ಹತ್ತಕ್ಕೆ. ಪಟ್ಟೆಯ ಬಟ್ಟೆಯನ್ನು ಹಾಸಿ, ಪಟ್ಟೆಗೆ ಪಟ್ಟೆ ಕೂಡಿಸಿ, ಸೂಜಿ ಚುಚ್ಚಿ, ಗೆರೆ ಎಳೆದಳು. ಕತ್ತರಿಯ ಮೊದಲ ಸದ್ದಿಗೆ ಕಾಜಾಕ್ಕ ಕಿಟಕಿಯಿಂದ ತಿರುಗಿ ನೋಡಿ, ತನ್ನ ಸೂಜಿಗೆ ದಾರ ಪೋಣಿಸಿದಳು.

ಹತ್ತಕ್ಕೆ ಯಜಮಾನರು ಹೊಸಬನೊಂದಿಗೆ ಒಳಗೆ ಬಂದಾಗ ಮೂರು ಕೋಟುಗಳ ಭಾಗಗಳು ಟೇಬಲ್ಲಿನ ಮೇಲಿದ್ದವು. ಯಜಮಾನರು ಬಟ್ಟೆ ನೋಡಲಿಲ್ಲ, ಅವಳ ಬೆನ್ನು ನೋಡಿದರು.

“ನೋವು ಹೋಯ್ತೇನಮ್ಮ?”

“ಸ್ವಲ್ಪ ಇದೆ. ಆದ್ರೆ ಎಲ್ಲಿದೆ ಅಂತ ಈಗ ನನಗೆ ಗೊತ್ತು. ಹೇಳದೆ ಬರೋಕೆ ಅದಕ್ಕೆ ಆಗಲ್ಲ.”

ಹೊಸ ಕಟರ್ ಅಷ್ಟರಲ್ಲಿ ಎದೆಭಾಗದ ಮೇಲೆ ಜೇಬಿನ ತುಂಡನ್ನಿಟ್ಟು, ತೋಳನ್ನು ಪಕ್ಕಕ್ಕೆ ಹೊಂದಿಸಿ ನೋಡುತ್ತಿದ್ದ. ಪಟ್ಟೆ ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ. ಅವನು ಕುತ್ತಿಗೆಯ ಟೇಪನ್ನು ತೆಗೆದು, ಸುತ್ತಿ, ಜೇಬಿಗೆ ಹಾಕಿಕೊಂಡ.

“ಇಲ್ಲಿ ನನಗೆ ಕೆಲಸ ಇಲ್ಲ ಸಾರ್” ಎಂದ. “ಕಲಿಯೋಕೆ ಬೇಕಾದ್ರೆ ಬರ್ತೀನಿ.”

ನಲವತ್ತು ಕೋಟುಗಳನ್ನೂ ಅವಳೇ ಕತ್ತರಿಸಿದಳು. ನಡುವೆ ಎರಡು ಸಲ ಕತ್ತರಿ ಕೆಳಗಿಟ್ಟು ಕೈಕಟ್ಟಿ ನಿಲ್ಲಬೇಕಾಯಿತು, ಗೆರೆಯೊಂದೂ ತಪ್ಪಲಿಲ್ಲ. ಕಟಿಂಗಿನ ಕೊನೆಯ ದಿನ ಬಡಗಿ ಬಂದು ಟೇಬಲ್ಲಿನ ಕಾಲುಗಳಿಗೆ ನಾಲ್ಕು ಇಂಚು ಕೂಡಿಸಿ ಎತ್ತರಿಸಿದ, ಅವಳು ಹೆಚ್ಚು ಬಾಗದಂತೆ. ಆ ಖರ್ಚು ಯಜಮಾನರದು, ಯೋಚನೆ ಅವಳದು. ಬೆತ್ತದ ಕುರ್ಚಿಯನ್ನು ಟ್ರಯಲ್ ಕೋಣೆಗೆ ಸಾಗಿಸಲಾಯಿತು. ಅಂದಿನಿಂದ ಆ ಅಂಗಡಿಯಲ್ಲಿ ಅದರ ಮೇಲೆ ಕೂತು ಏಳದವರ ಕೋಟು ಹೊರಗೆ ಹೋಗಲಿಲ್ಲ.

ಸೂಜಿಗಳು ಒಟ್ಟು ಐದಾದವು. ಐದರಿಂದಲೂ ಪೂರ್ತಿ ಗೆಲ್ಲದಿದ್ದಾಗ ವೈದ್ಯೆ ಆ ಸಣ್ಣ ಆಪರೇಷನ್ ಮಾಡಿ ಸಿಕ್ಕಿಬಿದ್ದ ನರವನ್ನು ಕತ್ತರಿಸಿಹಾಕಿದರು. ಹೊಟ್ಟೆಯ ಬಲಕ್ಕೆ ಗುಂಡಿಯ ಅಗಲದ ಚರ್ಮ ಈಗ ಮುಟ್ಟಿದರೂ ತಿಳಿಯದಷ್ಟು ಮಂಕಾಗಿದೆ. ಹೆಚ್ಚು ಹೊತ್ತು ನಿಂತ ದಿನ ಒಂದು ಎಳೆತ ಇದ್ದೇ ಇರುತ್ತದೆ. ಅದನ್ನು ಅವಳು ನೋವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬ್ಯಾಂಡಿನವರು ಹೊಸ ಕೋಟು ಹಾಕಿಕೊಂಡು ಮೊದಲ ಸಲ ಆ ಬೀದಿಯಲ್ಲಿ ಹಾದುಹೋದ ದಿನ ಅಂಗಡಿಯವರೆಲ್ಲ ಬಾಗಿಲಿಗೆ ಬಂದರು. ಅತ್ತೆಯೂ ಬಂದಿದ್ದಳು, ಪಕ್ಕದಲ್ಲಿ ನಿಂತ ಅಪರಿಚಿತಳೊಬ್ಬಳಿಗೆ ಆ ಉದ್ದನೆಯ ಹೆಸರನ್ನು ಒಂದಕ್ಷರವೂ ತಪ್ಪದೆ ಹೇಳಿ, “ನನ್ನ ಸೊಸೆ ತಾನೇ ಕಂಡುಹಿಡಿದಿದ್ದು, ಟೇಪಲ್ಲಿ ಅಳೆದು” ಎಂದು ವಿವರಿಸುತ್ತಿದ್ದಳು. ಗೆರೆಯಕ್ಕನಿಗೆ ಸಂಗೀತದ ಕಡೆ ಗಮನವಿರಲಿಲ್ಲ. ಡೋಲಿನವನು ಎದುರಿಗೆ ಬಂದು ಎರಡೂ ತೋಳು ಎತ್ತಿ ಬಾರಿಸಿದಾಗ ಅವಳು ಅವನ ಬಲಗಂಕುಳನ್ನೇ ನೋಡಿದಳು. ಬಟ್ಟೆ ಎಳೆಯಲಿಲ್ಲ.

“ಹೇಗಿದೆ ಅಕ್ಕಾ?” ಎಂದಳು ಕಾಜಾಕ್ಕ.

“ಸರಿಯಾಗಿದೆ” ಎಂದು ಅವಳು ನೆಟ್ಟಗೆ ಒಳಗೆ ನಡೆದಳು. ಟೇಬಲ್ಲಿನ ಮೇಲೆ ಬಟ್ಟೆ ಹಾಸಿತ್ತು.